ಮುಟ್ಟಿದಾಗ ಹೂಂ ಅನ್ರಿ

ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು
ನನಗ ಗೊತ್ತಾಗಲಿಲ್ಲ.
ಗುಳೇದಗುಡ್ಡದ ಬಸ್ ನಿಲ್ದಾಣದಾಗ
ಶೇಂಗಾ ಮಾರೋ ಹುಡುಗ ಹಿಂದಿನಿಂದ ಕೂಗಿದ:
‘ಅಜ್ಜಾ, ಒಂದು ಇಲ್ಲೇ ಬಿಟ್ಟು ಹೊಂಟೀ!’
ಕೆಳಗ ನೋಡಿಕೊಂಡೆ. ಹೌದು.
ಸುಡೋ ಕಲ್ಲಿನ ಮ್ಯಾಲ ಬರಿಗಾಲು,
ಯಾರದೋ ಮಂದಿ ಕಾಲಿನಂಗ.

ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ನಲವತ್ತೊಂದು ವರ್ಷ.
ಮ್ಯಾಲ ಕೈ, ಕಣ್ಣು, ಲಾಳಿ, ಬೆಳಕು;
ಕೆಳಗ ಕತ್ತಲಾಗ
ಯಾರೂ ಮೈ ತೊಳಿಯದ ಎರಡು ಎತ್ತು.
ಹಾಸು ತೆರಿ ಅಂದರ ತೆರೀತಿದ್ದವು,
ಮುಚ್ಚು ಅಂದರ ಮುಚ್ಚತಿದ್ದವು.
ಮೊದಲ ಇರಿವಿ ಹರದಂಗಾತು.
ಆಮ್ಯಾಲ ಅರಳಿ ಹಾಸಿನ ಮ್ಯಾಲ ನಡದಂಗ.
ಆಮ್ಯಾಲ ಏನೂ ಇಲ್ಲ.
ತುಳಿಮಣಿ ತುಳದೆನೋ ಇಲ್ಲೋ
ಬಗ್ಗಿ ನೋಡಬೇಕು.
ಆನಿಹೆಜ್ಜಿ ಖಣದಾಗ ಒಂದು ಹೆಜ್ಜಿ ತಪ್ಪಿತು.
ಸಾಹುಕಾರ ಬೆರಳಿನಿಂದ ಸವರಿ
ಏನೂ ಅನ್ನದ ಅದನ್ನ ಬ್ಯಾರೆ ಇಟ್ಟ.

ಓಣಿಯಾಗ ಎಲ್ಲಾರೂ ವೈದ್ಯರು.
ಕುಂತು ಕುಂತು ರಗತ ನಿಂತೈತಿ ಅಂದ ಒಬ್ಬ.
ವಾಯು ಅಂತ ಶಿವಲಿಂಗವ್ವ ಎಳ್ಳೆಣ್ಣಿ ಕಾಸಿ ಕೊಟ್ಟಳು.
ಬಿಸಿನೀರಾಗ ಇಡು ಅಂದರು, ಇಟ್ಟೆ.
ಗುರುಬಸವ್ವ ಬಂದು ಒಂದು ಬೆರಳು ಅದ್ದಿ
ಚೀರಿ ಕೈ ಹಿಂದ ತಗೊಂಡಳು.
ನನ್ನ ಕಾಲು ಅದರಾಗ ಕುಂತಿತ್ತು
ಕೆಂಪಗ, ಶಾಣ್ಯಾ ಹುಡುಗನಂಗ ಸುಮ್ಮನ.
ಆ ರಾತ್ರಿ ಒಂದು ಬ್ಯಾನಿಯ ಹೆಸರು
ಬಾಯಿಗೆ ಬರದ ನಮ್ಮಿಬ್ಬರ ನಡುವ ಮಲಗಿತ್ತು.
ದೀಪ ಹಚ್ಚಿ ನನ್ನ ಮೈತುಂಬ
ಬಿಳಿ ಮಚ್ಚಿ ಹುಡುಕಿದಳು. ಸಿಗಲಿಲ್ಲ.

ಬಾಗಲಕೋಟಿ, ನವನಗರದ ದವಾಖಾನಿ.
ಡಾಕ್ಟರ್ ಬಾಯಿ ನದಾಫರ ಪೈಕಿ.
ಅವರಜ್ಜ ನಮ್ಮ ಓಣಿಗೆ ಹತ್ತಿ ಹಿಂಜಾಕ ಬರತಿದ್ದನಂತ;
ಬಿಲ್ಲಿನ ಸಪ್ಪಳ ನೆನಪೈತಿ ಅಂದೆ, ನಕ್ಕಳು.
‘ಕಣ್ಣು ಮುಚ್ಚರಿ.
ಮುಟ್ಟಿದಾಗ ಹೂಂ ಅನ್ರಿ.’

ಕಾದೆ.
ಹೊರಗ ಸ್ಟ್ರೆಚರಿನ ಗಾಲಿ ಕಿರುಗುಟ್ಟಿತು.
ಯಾರದೋ ಕೂಸು ಕೆಮ್ಮಿತು.
ಕಾದೆ.
‘ಸುರು ಮಾಡರಿ ಬಾಯಾರ’ ಅಂದೆ.
‘ಮುಗೀತರಿ’ ಅಂದಳು.

ಕಣ್ಣು ತೆರದರ ಆಕಿ ಕೈಯಾಗ
ಒಂದು ನೈಲಾನ್ ಎಳಿ.
ಹತ್ತು ಕಡೆ ಮುಟ್ಟಿಸಿದ್ದಳಂತ.
ರೇಷ್ಮಿಯೋ ಹತ್ತಿಯೋ, ಒಂಟಿಯೋ ಜೋಡಿಯೋ
ಕತ್ತಲಾಗ ಹೇಳೋ ಮನಿಶಾ ನಾನು.
ಸಾವಿರ ಎಳಿಯಾಗ ಹರದದ್ದೊಂದು
ಉಗುರಿಗೆ ಬಂದು ತಾನೇ ಸಿಗತಿತ್ತು.

ಸಕ್ಕರಿ ಮುನ್ನೂರಾ ಹನ್ನೆರಡು.
ಎಂದಿನಿಂದ ಅಂತ ಹೇಳಾಕ ಬರಂಗಿಲ್ಲ,
ಒಳಗ ಕುಂತು ನರ ತಿಂತೈತಿ, ತುದಿಯಿಂದ ಸುರು ಮಾಡಿ.
(ನುಸಿ ಖಣ ತಿಂದಂಗ, ಇದು ನನ್ನ ಮಾತು.)
ಬಿ ಟ್ವೆಲ್ವ್ ಅನ್ನೋದೊಂದು ಕಡಿಮಿ ಬಿದ್ದೈತಿ.
ಕುಣಿಯ ಅಂಚು ಮಣಕಾಲಿನ ಹಿಂದ ಒತ್ತಿದ್ದೂ ಕೂಡೈತಿ.
‘ಹೋದದ್ದು ಬರತೈತೇನ್ರಿ?’
‘ಅರ್ಧ ಬರಬಹುದು. ಬರದನೂ ಇರಬಹುದು.
ಇದ್ದದ್ದು ಉಳಸೋಣು.’
ಸುಳ್ಳು ಹೇಳಲಿಲ್ಲ. ಅದು ಹಿಡಿಸಿತು.

ಈಗ ವಾರಕ್ಕೊಂದು ಸೂಜಿ, ಎರಡು ಹೊತ್ತು ಗುಳಿಗಿ,
ಚಹಾ ಸಪ್ಪಗ.
ಬಿಸಿನೀರಿಗೆ ಮೊದಲ ಆಕಿಯ ಮೊಣಕೈ, ಆಮ್ಯಾಲ ನನ್ನ ಕಾಲು.
ಹಿಂದ ಪಟ್ಟಿ ಇರೋ ಮೆತ್ತನ್ನ ಚಪ್ಪಲಿ, ಮನಿಯೊಳಗೂ;
ಮೊದಮೊದಲ ನಾಚಿಕಿ, ದೇವರ ಮುಂದ ಹಾಯುವಾಗ.
ತಾಸಿಗೊಮ್ಮೆ ಕುಣಿ ಬಿಟ್ಟು ಎದ್ದು
ಅಂಗಳದಾಗ ನಾಕು ಸುತ್ತು.

ರಾತ್ರಿ ಗುರುಬಸವ್ವ ನನ್ನ ಅಂಗಾಲು
ಬಲ್ಬಿಗೆ ಹಿಡಿದು ನೋಡತಾಳ,
ಬೆರಳ ಸಂದಿ ಸಂದಿ,
ಮಡಚೋ ಮುಂಚೆ ಖಣದ ತಪ್ಪು ಹುಡುಕಿದಂಗ.
ಇಷ್ಟು ವರ್ಷದಾಗ ಈ ಎತ್ತುಗಳ ಮಾರಿ
ಯಾರೂ ನೋಡಿರಲಿಲ್ಲ, ನಾನೂ.

ನಿನ್ನೆ ಹಾಸಿನಾಗ ಉಳಿದದ್ದೊಂದು ಎಳಿ ತಂದು
‘ಕಣ್ಣು ಮುಚ್ಚರಿ’ ಅಂದಳು.
ಬಾಳ ಹೊತ್ತಾತು.
‘ಹೂಂ’ ಅಂದೆ.
‘ಇನ್ನೂ ಮುಟ್ಟಿಸೇ ಇಲ್ಲ’ ಅಂದಳು,
ಎಳಿ ಗಾಳಿಯಾಗ ಹಂಗೇ ಹಿಡಕೊಂಡು.