ಕೆಳಗಿನ ಹೋಸು

ಹಗಲು ನನ್ನದು, ರಾತ್ರಿ ಲಾಯ್ಡನದು.
ಒಬ್ಬರು ಸ್ಟಿಯರಿಂಗಿಗೆ ಕೂತರೆ ಒಬ್ಬರು ಹಿಂದೆ ಬಂಕಿನಲ್ಲಿ.
ಎರಡು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಎಚ್ಚರವಿದ್ದದ್ದು
ಡೀಸೆಲ್ ತುಂಬುವಷ್ಟು ಹೊತ್ತು.

ಆ ವಾರ ಮುಳ್ಳು ಏರಿದ್ದೆಲ್ಲ ನನ್ನ ಕೈಯಲ್ಲೇ.
ತೊಂಬತ್ತು, ತೊಂಬತ್ತೆಂಟು, ನೂರಾ ಆರು.
ಪೀಟರ್‌ಬರೋ ದಾಟಿದ ಮೇಲಿನ ಏರು, ಹೊರಗೆ ನಲವತ್ತಮೂರು ಡಿಗ್ರಿ,
ಹಿಂದೆ ಎರಡು ಟ್ರೇಲರ್ ತುಂಬ ಸಿಮೆಂಟು.
ಕ್ಯಾಬಿನ್ನಿನ ಹೀಟರು ಪೂರ್ತಿ ತಿರುಗಿಸಿದೆ,
ಎಂಜಿನ್ನಿನ ಉರಿಯನ್ನು ನನ್ನ ಮೊಣಕಾಲಿಗೆ ಇಳಿಸಿಕೊಂಡು
ಲಾರಿಯನ್ನು ಯಂಟಾ ಊರಿನವರೆಗೆ
ಬದುಕಿಸಿ ತಂದೆ.

"ನಾನು ಓಡಿಸುವಾಗ ಹೀಗಾಗಲ್ಲ.
ನಿನ್ನ ಕಾಲು ಭಾರ," ಅಂದ ಲಾಯ್ಡ್,
ಕಣ್ಣುಜ್ಜುತ್ತ ಇಳಿದು.
ಮೊದಲನೆಯದು ಸುಳ್ಳಲ್ಲ. ಅದೇ ನನ್ನ ಸಿಟ್ಟು.
ರಾತ್ರಿಯ ತಂಪು, ಮರಳುವಾಗಿನ ಖಾಲಿ ಟ್ರೇಲರು
ಎರಡೂ ಅವನ ಪರ ಸಾಕ್ಷಿ ಹೇಳುತ್ತಿದ್ದವು.

ಥರ್ಮೋಸ್ಟಾಟ್ ಅಡಿಲೇಡಿನಲ್ಲಿ ಬದಲಾಗಿತ್ತು.
ಫ್ಯಾನ್ ಬೆಲ್ಟು ಹೊಸದು, ಮುಚ್ಚಳ ಹೊಸದು.
ರೇಡಿಯೇಟರಿನ ಸಂದಿಗಳಲ್ಲಿ ಸತ್ತಿದ್ದ ಮಿಡತೆಗಳನ್ನು
ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ತೆಗೆದಿದ್ದೆ.

ಆರಲಿ ಎಂದು ಗಂಟೆಗಟ್ಟಲೆ ಕಾದೆವು.
ಬಿಸಿ ಮುಚ್ಚಳ ತಿರುಗಿಸಿ ಮುಖ ಸುಟ್ಟುಕೊಂಡವನ ಕಥೆ
ಪ್ರತಿ ಡ್ರೈವರಿಗೂ ಒಂದು ಗೊತ್ತಿರುತ್ತದೆ.
ಲಾಯ್ಡನಿಗೆ ಎರಡು ಗೊತ್ತು. ಎರಡನ್ನೂ ಹೇಳಿದ.

ನೀರು ತುಂಬಿ ಶುರು ಮಾಡಿದರೆ ಎಲ್ಲ ಸರಿ:
ಡಾಕ್ಟರ ಮುಂದೆ ಕೂತ ಕೂಡಲೇ ನಿಂತುಹೋಗುವ ಕೆಮ್ಮು.

"ನೀನು ಹತ್ತಿ ತುಳಿ," ಅಂದೆ. "ನಾನು ನೋಡುತ್ತೇನೆ."
ತುಳಿಯುವವರಿಗೆ ಕಾಣುವುದಿಲ್ಲ,
ನೋಡುವವರಿಗೆ ತುಳಿಯಲಾಗುವುದಿಲ್ಲ;
ಇಷ್ಟು ದಿನ ಒಬ್ಬರು ನಿದ್ದೆಯಲ್ಲಿದ್ದೆವು.

ಸಾವಿರದೈನೂರು. ಎರಡು ಸಾವಿರ.
ಬಂಪರಿನ ಕೆಳಗೆ ಅಂಗಾತ, ಜಡೆಗೆಲ್ಲ ಗ್ರೀಸು,
ಟಾರ್ಚಿನ ಬೆಳಕಲ್ಲಿ ಕಂಡಿತು:
ರೇಡಿಯೇಟರಿನ ಬುಡದಿಂದ ಪಂಪಿಗೆ ಹೋಗುವ ದಪ್ಪ ಹೋಸು
ಎಳನೀರಿನ ತಳ ಹುಡುಕುವ ಕಾಗದದ ಸ್ಟ್ರಾದ ಹಾಗೆ
ಮೆಲ್ಲಗೆ
ಚಪ್ಪಟೆಯಾಯಿತು.
ಕಾಲು ತೆಗೆದ. ಮತ್ತೆ ಗುಂಡಗೆ, ಏನೂ ಅರಿಯದ ಮಗುವಿನಂತೆ.

"ಇನ್ನೊಮ್ಮೆ!" ಎಂದು ಕೂಗಿದೆ.
ಬೇಕಿರಲಿಲ್ಲ. ನೋಡುವ ಆಸೆ.

ನಾನೂ ನೋಡಬೇಕು ಅಂದ. ಜಾಗ ಬದಲಿಸಿದೆವು.
ನನ್ನ ಭಾರದ ಕಾಲಿನಿಂದಲೇ ತುಳಿದೆ.
ಹೊರಗೆ ಅವನ ಬೂಟುಗಳಷ್ಟೇ, ಬಹಳ ಹೊತ್ತು ಅಲುಗಲಿಲ್ಲ.
ಆಮೇಲೆ ಕೆಳಗಿನಿಂದ ಒಂದು "ಹೂಂ."

ಬಿಚ್ಚಿದಾಗ ಒಳಗಿನ ಸ್ಪ್ರಿಂಗು ತುಕ್ಕಿನ ಚೂರು.
ಆ ಊರಲ್ಲಿ ಹೋಸು ಸಿಗುವುದಿಲ್ಲ.
ಚಹಾದಂಗಡಿಯ ಮ್ಯೂರಿಯಲ್ ಹಿತ್ತಲಿಂದ
ಕುರಿಬೇಲಿಯ ತಂತಿ ತಂದುಕೊಟ್ಟಳು.
ಕೊಳವೆಗೆ ಬಿಗಿದು ಸುತ್ತಿದೆ, ಲಾಯ್ಡ್ ಎಣಿಸಿದ, ಇಪ್ಪತ್ತೆರಡು ಸುತ್ತು.
ಒಳಗೆ ತುರುಕಿ, ಕ್ಲಿಪ್ಪು ಬಿಗಿದು, ನೀರು ಹೊಯ್ದು, ಗಾಳಿ ಬಿಟ್ಟು,
ಗುಳುಗುಳು ನಿಲ್ಲುವವರೆಗೂ ಮತ್ತೆ ಹೊಯ್ದೆವು.

ಇನ್ನೂ ನನ್ನ ಪಾಳಿಯೇ. ಅವನು ಬಂಕಿಗೆ ಹೋಗಲಿಲ್ಲ.
ಪಕ್ಕದ ಸೀಟಿನಲ್ಲಿ ಕೂತು ಮುಳ್ಳು ಕಾಯುತ್ತಿದ್ದ.
ಓಲರಿಯ ಏರಿನಲ್ಲಿ ತೊಂಬತ್ತು. ತೊಂಬತ್ತೆರಡು.
ಅಲ್ಲೇ ನಿಂತಿತು.

ಆಗ ತಲೆಯೆತ್ತಿ ಕಿಟಕಿಯಾಚೆ ನೋಡಿದ,
ಆರು ವರ್ಷದಿಂದ ಇದೇ ರಸ್ತೆ ಓಡಿಸಿದವನು.
"ಇಲ್ಲಿ ಬೆಟ್ಟ ಇದೆ," ಅಂದ.