ಮೊದಲ ಮಹಡಿಯ ಸಂಪು

ನಮ್ಮೂರಲ್ಲಿ ಸಂಪು ಎಂದರೆ
ಗೇಟಿನ ಒಳಗೆ, ಸ್ಕೂಟರಿನ ಕೆಳಗೆ
ಒಂದು ಕಬ್ಬಿಣದ ಮುಚ್ಚಳ, ಒಂದು ಬೀಗ,
ದಿನ ಬಿಟ್ಟು ದಿನ ಬರುವ ಕಾವೇರಿ.
ಅದಕ್ಕೇ, ಸಂಪು ದೊಡ್ಡದು ಮಾಡಿಸ್ತಿದೀನಿ ಎಂದಾಗ
ಓನರ್ ಶಿಂಧೆ ಮಾಮ ಟೀ ಲೋಟ ಕೆಳಗಿಟ್ಟರು:
'ನನ್ನ ಅಂಗಳ ಅಗಿಯೋಕೆ ನೀನ್ಯಾರಮ್ಮ?'

ಅಯ್ಯೋ, ಅದಲ್ಲ ಮಾಮ. ಇದು ಮೇಲಿನದು.
ಸಮುದ್ರದ್ದು.

ಮೂರು ಸಾವಿರ ಅಡಿ ಎತ್ತರದ ಮತ್ತಿಕೆರೆಯಲ್ಲಿ
ಟೀವಿ ಇರಬೇಕಾದ ಗೋಡೆಗೆ ನಾಲ್ಕಡಿ ಕಡಲು.
ಸೋಸಿ ಸೋಸಿ ರುಚಿಗೆಟ್ಟ ನಲ್ಲಿ ನೀರಿಗೆ
ಪ್ಯಾಕೆಟ್ಟಿನ ಉಪ್ಪು ಬೆರೆಸಿ, ಅಳೆದು,
ಜೋಡಿ ಕೋಡಂಗಿ ಮೀನು, ನೆರಳು ಬಿದ್ದರೂ ಮುದುಡುವ ಹವಳ,
ಯಾರದೋ ಚಿಪ್ಪಿನಲ್ಲಿ
ಹತ್ತು ತಿಂಗಳ ಅಡ್ವಾನ್ಸೂ ಕೊಡದೆ ಕೂತ ಏಡಿ.

ಹಳೆಯ ಸಂಪು ಒಂದು ಪ್ಲಾಸ್ಟಿಕ್ ಟಬ್ಬು.
ಅದರ ತಪ್ಪೇನಿಲ್ಲ, ಅದಕ್ಕೆ ಇದ್ದದ್ದೇ ಅಷ್ಟು ಹೊಟ್ಟೆ.
ಮೇ ತಿಂಗಳ ಒಂದು ರಾತ್ರಿ ಕರೆಂಟು ಹೋಯಿತು.
ಪಂಪು ನಿಂತದ್ದೇ, ಮೇಲಿನದೆಲ್ಲ ಕೆಳಗೆ ಬಂತು,
ಪೈಪಿನಲ್ಲಿದ್ದದ್ದು, ಅಂಚಿನಲ್ಲಿದ್ದದ್ದು.
ಟಬ್ಬು ತುಂಬಿ, ನೆಲ ತುಂಬಿ,
ಮಾಮನ ದೇವರಕೋಣೆಯ ಸೂರಿನಿಂದ
ತೊಟಕ್.
ಬೆರಳಲ್ಲಿ ಹಿಡಿದು ನಾಲಗೆಗಿಟ್ಟು ನೋಡಿದರಂತೆ.
'ಉಪ್ಪು!' ಎಂದು ಕೂಗಿದ್ದು
ಮೇಣದಬತ್ತಿ ಹುಡುಕುತ್ತಿದ್ದ ನನಗೂ ಕೇಳಿಸಿತು.
ಆ ಕಲೆ ಇವತ್ತಿಗೂ ಇದೆ,
ಬಣ್ಣ ಬಳಿದಷ್ಟೂ ಬಿಳಿ ಹೂ ಬಿಡುತ್ತದೆ.

ಚೀಟಿ ಎತ್ತಿದೆ.
ಶಿವಾಜಿನಗರದಿಂದ ಗಾಜಿನ ನೂರುಲ್ಲಾ ಬಂದ,
ಸ್ಟ್ಯಾಂಡಿನ ಕೆಳಗೆ ಟೇಪು ಹಿಡಿದು ಅಂಗಾತ ಮಲಗಿ
ಕೇಳಿದ್ದು ಒಂದೇ ಮಾತು:
'ಕೋಡಿ ಎಷ್ಟಕ್ಕೆ ಇಡ್ಲಿ ಮೇಡಂ?'

ಕೋಡಿ.
ಬ್ಯಾಫಲ್ಲು, ಲೀಟರು, ಗಂಟೆಗಿಷ್ಟು ಹರಿವು ಎಂದು
ರಾತ್ರಿಯೆಲ್ಲ ಲೆಕ್ಕ ಹಾಕಿದ್ದ ಕಾಗದ
ಕೈಯಲ್ಲೇ ಉಳಿಯಿತು.
ಅವನು ಮುಳಬಾಗಿಲ ಕಡೆಯವನು,
ನೀರು ನಿಂತದ್ದೆಲ್ಲ ಅವನಿಗೆ ಕೆರೆ.
ಮೇಲಿನದು ತುಂಬಿದರೆ ಕೋಡಿ ಹರಿದು ಕೆಳಗಿನದಕ್ಕೆ,
ಅದು ತುಂಬಿದರೆ ಅದರ ಕೆಳಗಿನದಕ್ಕೆ:
ಕೊಳೆ ಹಿಡಿಯುವ ಕಾಲುಚೀಲ,
ನೊರೆ ಕಡೆದು ಕಂದು ಕಷಾಯ ಎತ್ತುವ ಸ್ಕಿಮ್ಮರ್,
ಆಮೇಲೆ ರಾತ್ರಿ ಪಾಳಿಯ ಪಾಚಿ
(ಮೇಲೆ ದೀಪ ಆರಿದಾಗ ಅದಕ್ಕೆ ಬೆಳಗು),
ಕೊನೆಗೆ, ಬಂದದ್ದನ್ನೆಲ್ಲ ಮತ್ತೆ ಮೇಲಕ್ಕೆ ಹೊರುವ ಪಂಪು.

ಸಿಲಿಕೋನ್ ಒಣಗುವ ಎರಡು ದಿನ
ಮನೆಯೆಲ್ಲ ವಿನಿಗರ್ ವಾಸನೆ.
ಬಕೆಟ್ಟಿನಲ್ಲಿ ಹವಳ. ಬಕೆಟ್ಟಿನ ಪಕ್ಕ ಚಾಪೆ.

ಹೊಸ ಸಂಪು ನೋಡಲು ಮಾಮ ಹತ್ತಿ ಬಂದರು.
ಒಂದಡಿ ಜಾಗ ಬಿಡದೆ ಮೂರು ಮನೆ ಕಟ್ಟಿದವರು.
'ಮೇಲೆ ಗೇಣುದ್ದ ಖಾಲಿ ಬಿಟ್ಟಿದೀಯಲ್ಲ, ವೇಸ್ಟಲ್ವಾ?'
ಅದು ಕರೆಂಟು ಹೋದಾಗ ಬರೋರಿಗೆ ಮಾಮ, ಎಂದೆ.
ಹೊರಗೆ ಮಳೆ ಜೋರಾಗಿತ್ತು.
ರಸ್ತೆಯಲ್ಲಿ ಮೊಣಕಾಲುದ್ದ ನೀರು
ಒಂದೊಂದೇ ಗೇಟು ತಟ್ಟಿ ಜಾಗ ಕೇಳುತ್ತ
ಕೆಳಗೆ ಹೋಗುತ್ತಿತ್ತು.
ಮಾಮ ಏನೂ ಅನ್ನಲಿಲ್ಲ.

ರಾತ್ರಿ ನಾನೇ ಮೇನ್ ಆರಿಸಿದೆ.
ಪಂಪು ನಿಂತ ಮನೆ ಇಷ್ಟು ಮೌನವೆಂದು
ಒಮ್ಮೆಯೂ ಗಮನಿಸಿರಲಿಲ್ಲ.
ಕೆಳಗೆ ದೇವರಕೋಣೆಯಲ್ಲಿ ಮಾಮ,
ಕತ್ತೆತ್ತಿ, ಸೂರಿಗೆ ಟಾರ್ಚು ಬಿಟ್ಟು.
ನೀರು ಇಳಿಯಿತು, ಗಾಜಿನೊಳಗೆ ಏರಿತು,
ಅಂಚಿಗೆ ಎರಡು ಬೆರಳು ಇರುವಾಗ
ನಿಂತಿತು.

'ಬಂತಾ ಮಾಮ?'
'ಇಲ್ಲ.'
ಸ್ವಲ್ಪ ಹೊತ್ತು.
'ಇಲ್ಲ ಕಣಮ್ಮ.'
ಸ್ವಿಚ್ಚು ಹಾಕಿದೆ. ಕಡಲು ಗೊಣಗಿಕೊಂಡು ಮೇಲೆದ್ದಿತು.
ಮೆಟ್ಟಿಲ ಬುಡದಿಂದ ಮತ್ತೆ ಅವರ ದನಿ,
'ಇನ್ನೊಂದ್ ಸಲ ಆರ್ಸು, ನೋಡೋಣ.'