ಮೊಣಕೈಗೆ ಸಿಗುವ ಗುಂಡಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು ನನ್ನ ಅಂಗಡಿ,
ಆರಡಿ ಅಗಲ. ಷಟರ್ ಎತ್ತಿದರೆ
ಬೆಂದ ಹುಳದ ವಾಸನೆಯೇ ಮೊದಲ ಗಿರಾಕಿ.

ಅಶ್ವತ್ಥಮ್ಮ ಚೀಲದಿಂದ ಮೂರು ಟ್ಯಾಬು ತೆಗೆದಿಟ್ಟಳು.
ಒಂದೇ ಕಂಪನಿ, ಒಂದರ ಬೆನ್ನಿಗೆ ಒಂದು ಹುಟ್ಟಿದವು:
ಒಂದು ಸಾವ್ಕಾರರು ಬೇಡವೆಂದು ಕೊಟ್ಟದ್ದು,
ಒಂದು ಮಗಳ ಪಿಯುಸಿಗೆಂದು ಸೆಕೆಂಡ್ಸಲ್ಲಿ ತಂದದ್ದು,
ಒಂದು ಹೋದ ತಿಂಗಳ ಚೀಟಿ ದುಡ್ಡಿನದು, ಸ್ಟಿಕ್ಕರ್ ಕಿತ್ತಿಲ್ಲ.
"ಯಾವ್ದು ಚೆನ್ನಾಗೈತೆ ನೋಡಿ ಹೇಳು ಕಲೀಮಣ್ಣ."

ನೋಡಿದೆ.
ಒಂದನೇದು ರೊಟ್ಟಿ ಹಂಚಿನಷ್ಟು ದಪ್ಪ,
ಬಿಸಿಲಿಗೆ ಹಿಡಿದರೆ ಸಿನಿಮಾ ಬದಲು ನಮ್ಮ ಮುಖವೇ ಕಾಣುತ್ತದೆ.
ಎಂಟು ಜಿಬಿ, ಅದರಲ್ಲಿ ಐದು ಅದರದೇ ಸಂಸಾರಕ್ಕೆ.
ಫೋಟೊ ತೆಗೆದರೆ ಎಲ್ಲರೂ ಒಲೆಯ ಹೊಗೆಯಲ್ಲಿ ನಿಂತಂತೆ.
ಕೆಳಗೊಂದು ಗುಂಡಿ. ಒತ್ತಿದರೆ ಟಕ್ ಅನ್ನುತ್ತದೆ.

ಎರಡನೇದು ತೆಳ್ಳಗಾಗಿದೆ,
ಬ್ಯಾಟರಿಯೂ ಜೊತೆಗೇ ಸೊರಗಿದೆ.
ಚಾರ್ಜರಿನ ಬಾಯಿ ನಾಲ್ಕು ಸಲ ಬೆಸೆದವನು ನಾನೇ,
ನನ್ನ ಸೀಸದ ಹನಿ ನನಗೆ ಗುರುತು ಸಿಗುತ್ತದೆ.

ಮೂರನೇದು ಬಣ್ಣ ಅಂದರೆ ಬಣ್ಣ,
ಹಿಪ್ಪುನೇರಳೆ ಸೊಪ್ಪಿನ ನರ ಎಣಿಸಬಹುದು.
ಗುಂಡಿ ಇಲ್ಲ. ಇಯರ್‌ಫೋನಿನ ತೂತಿಲ್ಲ.
ಬೆರಳಿಟ್ಟರೆ ತಾನೇ ತೆರೆದುಕೊಳ್ಳುತ್ತದೆ.

ಹುಳಕ್ಕೆ ನಾಲ್ಕು ಜ್ವರ, ಈ ಊರಲ್ಲಿ ಕೂಸಿಗೂ ಗೊತ್ತು.
ಸೊಪ್ಪು ಬಿಟ್ಟು, ತಲೆಯೆತ್ತಿ, ಕಲ್ಲಾಗಿ ಕೂತು
ಹಳೇ ಚರ್ಮ ಕಳಚಿ ಎದ್ದರೆ
ಮೊದಲಿಗಿಂತ ಇಮ್ಮಡಿ ಹಸಿವು.
ಟ್ಯಾಬೂ ಅಪ್‌ಡೇಟಿಗೆ ಹೀಗೇ ಕೂರುತ್ತದೆ, ಹೀಗೇ ಏಳುತ್ತದೆ.
ಆದರೆ ಹುಳು ಕೊನೆಗೊಂದು ದಿನ ಹಣ್ಣಾಗಿ
ಚಂದ್ರಂಕಿಗೆ ಹತ್ತಿ ನೂಲು ಬಿಡುತ್ತದೆ.
ಇದರ ಎಷ್ಟನೇ ಜ್ವರದಲ್ಲಿ ನೂಲು?
ಹದಿನಾಲ್ಕು ವರ್ಷದಿಂದ ಬಿಚ್ಚಿ ನೋಡುತ್ತಿದ್ದೇನೆ.

"ಮೂರನೇದೇ ಕಣಮ್ಮ," ಅಂದೆ, "ಬೆರಳಿಡು."
ಇಟ್ಟಳು. ಅದು ಸಣ್ಣಗೆ ನಡುಗಿ
ಮತ್ತೊಮ್ಮೆ ಪ್ರಯತ್ನಿಸಿ ಅಂದಿತು.
ಹೆಬ್ಬೆರಳು. ಒರೆಸಿ ಇನ್ನೊಂದು. ಎಡಗೈ.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಕೈ,
ಗೆರೆಗಳೂ ಎಳೆಯ ಜೊತೆಗೇ ರಾಟೆಗೆ ಸುತ್ತಿಕೊಂಡಿವೆ.
"ರೇಷನ್ ಅಂಗಡಿ ಮಿಷನ್ನೂ ಹಿಂಗೇ ಅಂತೈತೆ ಬಿಡಣ್ಣ,"
ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಬಗ್ಗಿ, ರವಿಕೆ ತೋಳು ಮೇಲೆ ಸರಿಸಿ
ಒಂದನೇದರ ಗುಂಡಿಯನ್ನು ಮೊಣಕೈಯಲ್ಲಿ ಒತ್ತಿದಳು.
ಟಕ್.
"ಕೈ ನೀರಾಗಿದ್ರೆ ಇದೊಂದೇ ಮಾತು ಕೇಳಾದು.
ಹಾಡು ಬೇಡ ಅಂದ್ರೆ ನಿಲ್ಲಿಸ್ತೈತೆ."

ಎದ್ದಿತು, ಕೆಂಪು ಗೆರೆ ತೋರಿಸಿ ಮಲಗಿತು.
ಅದರ ಬ್ಯಾಟರಿ ಈಗ ಎಲ್ಲೂ ಬರುವುದಿಲ್ಲ.
ಎರಡನೇದರ ಹೊಟ್ಟೆ ಬಿಚ್ಚಿ, ಅದರದನ್ನು ತೆಗೆದು
ಇದರೊಳಗೆ ಕೂರಿಸಿ ವೈರು ಬೆಸೆದೆ. ಸಡಿಲ.
ಸಂದಿಗೆ ಯಾರದೋ ಮದುವೆ ಕಾಗದ ಮಡಚಿ ತುಂಬಿದೆ.
ಮೂರನೇದು ಮಗಳಿಗೆ ಅಂತಾಯಿತು,
ಅವಳ ಬೆರಳಲ್ಲಿ ಇನ್ನೂ ಗೆರೆಗಳಿವೆ.

ಕಂಪನಿಯ ಹೆಸರು ಉರಿದು, ಆರಿ, ಮತ್ತೆ ಉರಿದು
ಒಂದನೇದು ಪೂರ್ತಿ ಎಚ್ಚರವಾದಾಗ
ತಾನು ಹುಟ್ಟಿದ ವರ್ಷವನ್ನೇ ತೋರಿಸುತ್ತಿತ್ತು:
ಜನವರಿ ಒಂದು, ಹನ್ನೆರಡು ಗಂಟೆ.
ಸರಿ ಮಾಡಲು ಕೈ ಚಾಚಿದೆ.
"ಇರ್ಲಿ ಬಿಡಣ್ಣ," ಚೀಲಕ್ಕೆ ಹಾಕಿಕೊಂಡಳು,
"ಗಂಟೆ ಎಷ್ಟು ಅಂತ ಮಾರ್ಕೆಟ್ ಮೈಕು ಹೇಳ್ತೈತೆ."